ನಾಲ್ಕನೆಯ ತುದಿ

"ನಿನ್ ಮುಸುಡಿ ಯಾವನಿಗ್ ಬೇಕೇ, ಮುದಿಗೊಡ್ಡೇ? ತಲೆ ಮ್ಯಾಲೆ ನಾಕು ತುದಿ ನಿಂತ್ರೆ ಸಾಕು," ಎಂದ ಮ್ಯಾನೇಜರ್ ಗಾಸ್ಪಾರ್. ಬಟ್ಟೆ ಒಗೆಯುವ ಫಿಲೋಮೆನ್ ಅಜ್ಜಿ ಹೋಟೆಲಿನ ಹಾಸಿಗೆ ಹೊದಿಕೆಗಳನ್ನು ಹಿಂಡುತ್ತಲೇ ಇದ್ದಳು.

ಬಂದರಿಗೆ ಪ್ರವಾಸಿಗರ ಹಡಗು ಬಂದಿತ್ತು. ಕೋಕೋ ತೋಟದ ಧಣಿಗಳ ಹಳೆಯ ಬಂಗಲೆಯೇ ಈಗ ಹೋಟೆಲು. ಬಂದವರಿಗೆ ಹಳೇ ಕಾಲ ತೋರಿಸುವುದೇ ಅದರ ವ್ಯಾಪಾರ. ಬಾಗಿಲಲ್ಲಿ ಸಿಂಗರಿಸಿಕೊಂಡು ನಿಲ್ಲುವ ಹುಡುಗಿಗೆ ಅವತ್ತು ಜ್ವರ, ಅವಳ ಜಾಗದಲ್ಲಿ ಅಜ್ಜಿ ನಿಲ್ಲಬೇಕಿತ್ತು. ಗಾಸ್ಪಾರ್ ಊರಿನವನೇ, ಮೈಬಣ್ಣ ಕೊಂಚ ತಿಳಿ ಎಂಬ ಒಂದೇ ಬಂಡವಾಳದಿಂದ ಮ್ಯಾನೇಜರಾದವನು. ಮುದುಕಿಯ ತಲೆಯ ಮೇಲೆ ನಾಲ್ಕು ತುದಿ ಕಂಡರೆ ಬಿಳಿಯರು ಬಿದ್ದು ಬಿದ್ದು ನಗುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೆರಿಬಿಯನ್ ದ್ವೀಪವಾದ ಸೇಂಟ್ ಲೂಸಿಯಾದ ಹೆಂಗಸರು ಬಾಯಿ ಬಿಟ್ಟು ಹೇಳದ್ದನ್ನು ತಲೆಗೆ ಸುತ್ತಿ ಗಂಟು ಹಾಕಿದ ಮದ್ರಾಸು ಚೌಕಳಿ ಬಟ್ಟೆ ಹೇಳುತ್ತದೆ. ಒಂದು ತುದಿ ಎದ್ದು ನಿಂತರೆ ಮದುವೆಯಾಗದವಳು, ಎರಡಾದರೆ ಮದುವೆಗೆ ಮಾತು ಕೊಟ್ಟವಳು, ಮೂರಾದರೆ ಗಂಡನುಳ್ಳವಳು. ನಾಲ್ಕಾದರೆ, ಯಾರು ಬೇಕಾದರೂ ಬರಬಹುದು. ಅಜ್ಜಿಯ ಗಂಡ ಸಮುದ್ರದ ಪಾಲಾಗಿ ಮೂವತ್ತು ವರ್ಷವಾಗಿತ್ತು. ಅವಳು ಇವತ್ತಿಗೂ ಮೂರೇ ಕಟ್ಟುತ್ತಿದ್ದಳು.

ಹೋಟೆಲಿನಲ್ಲಿ ಹೆಂಗಸರ ತಲೆಗೆ ಈ ಬಟ್ಟೆ ಕಟ್ಟುವ ಕೆಲಸ, ಅತಿಥಿಗಳಿಗೆ ಟ್ರೇ ಹಿಡಿಯುವ ಯೂಲಾಲಿಯದು.

"ಕಟ್ತೀಯೋ, ಮನೆಗೋಯ್ತೀಯೋ?" ಎಂದು ಗಾಸ್ಪಾರ್ ಅವಳನ್ನು ಕೇಳಿದ.

ಮನೆಯಲ್ಲಿ ಮೂರು ಮಕ್ಕಳು, ಕೆಲಸವಿಲ್ಲದ ಗಂಡ. ಹೊಟ್ಟೆಪಾಡು ಎಂದು ತನಗೆ ತಾನೇ ಹೇಳಿಕೊಂಡಳು, ಹೇಳಿಕೊಂಡದ್ದಕ್ಕೂ ನಾಚಿಕೆಯಾಯಿತು. ಅವಳ ಕೈಗೆ ಗಂಟು ಕಲಿಸಿದವಳು, ಮದುವೆಯ ಮಾರನೆಯ ಬೆಳಿಗ್ಗೆ ಮೂರು ತುದಿ ಕಟ್ಟಿ ಹಣೆಗೆ ಮುತ್ತಿಟ್ಟವಳು ಇದೇ ಅಜ್ಜಿ.

ಅಜ್ಜಿ ಸ್ಟೂಲಿನ ಮೇಲೆ ಕೂತಳು. ಯೂಲಾಲಿ ಬಟ್ಟೆ ಸುತ್ತತೊಡಗಿದಳು.

"ಬೈಯವ್ವಾ ನನ್ನ," ಎಂದಳು.

"ಬೈದ್ರೆ ನಿಂಗೆ ಹಗುರಾಯ್ತದೆ. ಯಾಕ್ ಬೈಲಿ?"

ಜಗಲಿಯಲ್ಲಿ ಗಾಸ್ಪಾರ್ ನಾಲ್ಕನೆಯ ತುದಿಯ ಅರ್ಥವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ ನಾಲ್ಕು ಬೆರಳೆತ್ತಿ ತೋರಿಸಿ, ಅಜ್ಜಿಯ ಸೊಂಟಕ್ಕೆ ಕೈ ಹಾಕಿ ಪಟಕ್ಕೆ ನಿಂತ. ಎಲ್ಲರೂ ನಕ್ಕರು. ಟ್ರೇ ಹಿಡಿದು ನಿಂತಿದ್ದ ಯೂಲಾಲಿಯ ಬಾಯಿಯೂ ಕಿಸಿದಿತ್ತು. ಅತಿಥಿ ನಕ್ಕರೆ ನಗಬೇಕೆಂಬುದು ಹನ್ನೊಂದು ವರ್ಷದ ರೂಢಿ. ತಾನೂ ನಗುತ್ತಿರುವುದು ಗೊತ್ತಾದಾಗ ಅವಳು ನಾಚಿಕೆಯಿಂದ ಹಿಡಿಯಾದಳು.

ಅಜ್ಜಿ ಆ ಕೈಯನ್ನು ಪಕ್ಕಕ್ಕೆ ಸರಿಸಿದಳು. ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಬಟ್ಟೆ ಬಿಚ್ಚಿದಳು. ವಯಸ್ಸಾದ ಹೆಂಗಸು ಪಾದ್ರಿಯ ಮುಂದೆಯೂ ಬರಿದಲೆಯಲ್ಲಿ ನಿಲ್ಲದ ಊರದು. ನಾಲ್ಕೇ ಎಳೆ ನರೆಗೂದಲು ಬಿಸಿಲಿನಲ್ಲಿ ಎಲ್ಲರಿಗೂ ಕಂಡವು. ನಗು ಅಲ್ಲಲ್ಲೇ ನಿಂತಿತು. ಬಟ್ಟೆಯನ್ನು ಅವಳು ಗಾಸ್ಪಾರನ ಹೆಗಲ ಮೇಲೆ ಹಾಕಿದಳು.

"ಕಂಡೋರ್ನೆಲ್ಲ ಬನ್ನಿ ಬನ್ನಿ ಅಂತ ಕರೆಯೋನು ನೀನು ಕಣಪ್ಪ. ಇದು ನಿಂಗೇ ಒಪ್ತದೆ."

ಬರಿದಲೆಯಲ್ಲೇ ಮೆಟ್ಟಿಲಿಳಿದು, ಇಗರ್ಜಿಯ ದಾರಿ ಹಿಡಿದಳು.

ಗಾಸ್ಪಾರ್ ಬಟ್ಟೆಯನ್ನು ಯೂಲಾಲಿಯ ಮುಖಕ್ಕೆ ಎಸೆದ. "ಕಟ್ಕೊಂಡ್ ನಿಲ್ಲೇ. ನಾಕು."

ಬಟ್ಟೆ ಇನ್ನೂ ಅಜ್ಜಿಯ ತಲೆಯ ಬಿಸಿಗೆ ಬೆಚ್ಚಗಿತ್ತು. ಅಜ್ಜಿ ಒಮ್ಮೆಯೂ ತಿರುಗಿ ನೋಡದಿರಲಿ ಎಂದು ಬೇಡಿಕೊಳ್ಳುತ್ತಾ ಯೂಲಾಲಿ ಕಟ್ಟಿದಳು. ಒಂದು, ಎರಡು, ಮೂರು. ನಾಲ್ಕನೆಯದೂ ನೆಟ್ಟಗೆ ನಿಂತಿತು. ಅಜ್ಜಿ ಕಲಿಸಿದ ಗಂಟು, ಸಂಜೆಯವರೆಗೂ ಸಡಿಲವಾಗಲಿಲ್ಲ.