ಓದದೆ ಬಿಟ್ಟ ವಚನ

ಶಂಕ್ರವ್ವ ಭಾನುವಾರದ ಆರಾಧನೆಗೆ ಮಗಳು ಜಯಶ್ರೀಯನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಳು. ಮೂರು ವಾರದಿಂದ ಈ ತಗಡಿನ ಪ್ರಾರ್ಥನಾಮನೆಗೆ ಕಾಲಿಟ್ಟವಳಲ್ಲ. ಇವತ್ತು ಬಂದದ್ದೂ ಹಾಡಲಿಕ್ಕಲ್ಲ. ಸಭೆಯ ಹಿರಿಯ ಭರಮಪ್ಪನನ್ನು ಹಾನಗಲ್ಲ ಪೊಲೀಸ್ ಸ್ಟೇಶನ್ನಿಗೆ ಕರೆದೊಯ್ಯಬೇಕಿತ್ತು. ಅವನು ಕಂಡದ್ದನ್ನು ಅಲ್ಲಿ ಹೇಳಿದರೆ ಸಾಕಿತ್ತು.

ಕಂಡದ್ದಾದರೂ ಏನು? ಜಯಶ್ರೀಗೆ ಸಣ್ಣಂದಿನಿಂದ ಮೂರ್ಛೆರೋಗ. ಗುಳಿಗೆ ನುಂಗಿಕೊಂಡು ನೆಟ್ಟಗಿದ್ದಳು, ಹೊಲಿಗೆ ಕಲಿಯುತ್ತಿದ್ದಳು. ಪಾಸ್ಟರ್ ಆನಂದ ಬಂದು, "ವಿಶ್ವಾಸ ಇದ್ದವರಿಗೆ ಗುಳಿಗಿ ಯಾಕ ಬೇಕವ್ವ?" ಎಂದ. ಈ ಹುಚ್ಚಿ ಶಂಕ್ರವ್ವ ಗುಳಿಗೆಗಳನ್ನೆಲ್ಲ ಗಟಾರಕ್ಕೆ ಚೆಲ್ಲಿದಳು. ಹತ್ತೇ ದಿನಕ್ಕೆ ಹುಡುಗಿ ಆರಾಧನೆಯ ನಡುವೆ ಬಿದ್ದಳು. ಪಾಸ್ಟರು ಅದು ದೆವ್ವ ಎಂದ. "ಕೈ ಹಿಡ್ಕೊ ಶಂಕ್ರವ್ವ, ಬಿಡಬ್ಯಾಡ!" ಹಿಡಿದಳು, ಹೆತ್ತ ತಾಯಿ, ಮಗಳ ಎರಡೂ ಕೈ ಗಟ್ಟಿಯಾಗಿ ಹಿಡಿದಳು! ಆತ ಯೇಸುವಿನ ಹೆಸರು ಹೇಳುತ್ತ ಕಪಾಳಕ್ಕೆ ಬಾರಿಸಿದ, ಒಂದಲ್ಲ, ಎರಡಲ್ಲ. ಪಕ್ಕದಲ್ಲೇ ನಿಂತ ಭರಮಪ್ಪ ಚಪ್ಪಾಳೆ ತಟ್ಟುತ್ತ ಹಾಡುತ್ತಿದ್ದ. ಎಡಗಿವಿಯಿಂದ ರಕ್ತ ಇಳಿದಾಗ ದೆವ್ವ ಬಿಟ್ಟಿತೆಂದು ಎಲ್ಲರೂ ಹಲ್ಲೆಲೂಯ ಕೂಗಿದರು. ಆ ಕಿವಿ ಇನ್ನು ಕೇಳಿಸುವುದಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು.

ಆಸ್ಪತ್ರೆಯಲ್ಲಿ "ಮೆಟ್ಟಲ ಮ್ಯಾಲಿಂದ ಬಿದ್ಲು ಅನ್ನು" ಎಂದು ಹೇಳಿಕೊಟ್ಟವನೂ ಭರಮಪ್ಪನೇ. "ಹೊರಗಿನ ಮಂದಿಗೆ ಗೊತ್ತಾದ್ರ ಈ ತಗಡು ಕಿತ್ತು ಒಗಿತಾರವ್ವ. ಹ್ವಾದ ವರ್ಷ ಕಲ್ಲು ಒಗದದ್ದು ಮರತ್ಯಾ?" ಅದೇನೂ ಸುಳ್ಳಲ್ಲ. ಆ ಕಲ್ಲು ಬಿದ್ದದ್ದು ಅವನ ಹಣೆಗೇ, ಗುರುತು ಇನ್ನೂ ಇದೆ. ಅದಕ್ಕೇ ಶಂಕ್ರವ್ವ ಬಾಯಿ ಮುಚ್ಚಿಕೊಂಡಿದ್ದಳು. ಆದರೆ ಅದಾದ ಮೇಲೆ ಊರು ಬಿಟ್ಟಿದ್ದ ಆನಂದ ಈಗ ಸವಣೂರಿನಲ್ಲಿ ದೆವ್ವ ಬಿಡಿಸುತ್ತಿದ್ದಾನೆ ಎಂಬ ಸುದ್ದಿ ಗುರುವಾರ ಬಂತು. ಆವತ್ತೇ ಅವಳು ಸ್ಟೇಶನ್ನಿಗೆ ಹೋಗುವುದೆಂದು ನಿಶ್ಚಯಿಸಿದಳು.

ಅವಳ ಮುಖ ನೋಡಿಯೇ ಭರಮಪ್ಪನಿಗೆ ಅರ್ಥವಾಗಿರಬೇಕು. ಬೈಬಲ್ಲು ತೆರೆದವನೇ ಶುರು ಮಾಡಿದ. "ಕರ್ತ ಯೇಸುನ್ನ ಹಿಡಿಯಾಕ ಬಂದಾಗ ಅವನ ಶಿಷ್ಯ ಪೇತ್ರ ಕತ್ತಿ ಹಿರದು ಒಬ್ಬ ಆಳಿನ ಕಿವಿ ಕತ್ತರಿಸಿದ. ಕರ್ತ ಏನಂದ? ಕತ್ತಿ ಒರಿಗೆ ಹಾಕು ಅಂದ. ಕೈ ಎತ್ತಾವ ಖರೆ ವಿಶ್ವಾಸಿನ ಅಲ್ಲ. ಅಂಥಾವ ಯಾವನರ ಇಲ್ಲಿ ಬಂದು ಹೋಗಿದ್ರ ಅವ ನಮ್ಮಾವ ಅಲ್ಲ. ಯೇಸು ಅದನ್ನ ಕಲಿಸಿಲ್ಲ."

ಸಭೆ ಆಮೆನ್ ಅಂದಿತು. ಎಷ್ಟು ಸಲೀಸು ನೋಡಿ! ಎರಡು ವರ್ಷ ಇವರೆಲ್ಲ ಮಣೆ ಹಾಕಿ ಉಣ್ಣಿಸಿದವನು, ವರದಾ ಹೊಳೆಯಲ್ಲಿ ಇವರನ್ನು ಮುಳುಗಿಸಿ ಎತ್ತಿ ದೀಕ್ಷೆ ಕೊಟ್ಟವನು, ಒಂದೇ ಮಾತಿಗೆ ಯಾರೋ ಆಗಿಬಿಟ್ಟ.

ಶಂಕ್ರವ್ವ ಎದ್ದು ನಿಂತಳು. "ಭರಮಣ್ಣಾರ, ಅಷ್ಟಕ್ಕ ನಿಲ್ಲಸಬ್ಯಾಡ್ರಿ. ಲೂಕನ ಸುವಾರ್ತಿಯಾಗ ಬರದದ್ದನ್ನೂ ಓದ್ರಿ."

"ಯಾವದವ್ವ?"

"ಕಿವೀದು. ಕರ್ತ ಬರೇ ಬೈದು ಸುಮ್ಮನಾಗಲಿಲ್ಲ, ಆ ಕಿವಿ ಮುಟ್ಟಿ ನೆಟ್ಟಗ ಮಾಡಿದ. ಕಡದಾವ ನನ್ನ ಶಿಷ್ಯನ ಅಲ್ಲ ಅಂತ ಜಾರಿಕೊಂಡನೇನ್ರಿ?"

ಭರಮಪ್ಪ ತೆರೆದ ಹಾಳೆಯ ಮೇಲೆ ಬೆರಳಿಟ್ಟು ಬಾಗಿಲ ಕಡೆ ನೋಡಿದ.

"ಕಿವಿ ನಿಮ್ಮ ಕೈಲೆ ನೆಟ್ಟಗ ಆಗೂದಿಲ್ಲ, ನನಗೂ ಗೊತ್ತೈತಿ. ಸ್ಟೇಶನ್ನಿಗೆ ಬರ್ರಿ, ಕಂಡದ್ದು ಹೇಳ್ರಿ. ಸವಣೂರಾಗೂ ಯಾರದರ ಮಗಳು ಇರ್ತಾಳ."

ಭರಮಪ್ಪ ಹಣೆಯ ಗುರುತನ್ನು ಸವರಿಕೊಂಡ. ಬೈಬಲ್ಲು ಮುಚ್ಚಿ, ಮೆಲ್ಲಗೆ ಹೇಳಿದ: "ನಾ ಆವಾಗ ಕಣ್ಣು ಮುಚ್ಚಿ ಪ್ರಾರ್ಥನಾ ಮಾಡಾಕತ್ತಿದ್ನಿ ತಂಗಿ. ನಾ ಏನೂ ನೋಡಿಲ್ಲ."

ಅವಳು ಹಿಂದಕ್ಕೆ ತಿರುಗಿದಳು. ಇಪ್ಪತ್ತು ಮಂದಿ ಇದ್ದರು. ಒಬ್ಬಳು ಸೆರಗು ಸರಿಮಾಡಿಕೊಂಡಳು, ಒಬ್ಬ ಹಾಡಿನ ಪುಸ್ತಕದ ಹಾಳೆ ತಿರುವಿದ. ಅವರೆಲ್ಲರ ಕಣ್ಣೂ ಆವತ್ತು ಮುಚ್ಚಿದ್ದವಂತೆ. ಥೂ, ಇವರ ಭಕ್ತಿಗಿಷ್ಟು!

ಮೆಲ್ಲಗಿನ ಮಾತು ಜಯಶ್ರೀಗೆ ಕೇಳಿಸಿರಲಿಲ್ಲ. "ಅವ್ವಾ, ಏನಂದ್ರು?" ಎಂದು ಕೇಳಿದಳು.

ಶಂಕ್ರವ್ವ ಮಗಳನ್ನು ಬಳಸಿ ಬಲಗಿವಿಯ ಕಡೆ ಬಂದಳು. "ಯಾರೂ ನೋಡಿಲ್ಲಂತವ್ವ. ನಿನ್ನ ಕೈ ಹಿಡದಾಕಿ ನಾ ಒಬ್ಬಾಕಿನ ಕಣ್ಣು ತಗದಿದ್ನಿ. ಏಳು, ಪೊಲೀಸರ ಮುಂದ ಮೊದಲ ನನ್ನ ಹೆಸರ ಬರಸೂಣು."