ಇವತ್ತಿನ ತೂಕ

"ಇದೇ ಸಾಕು. ಇದನ್ನೇ ಹಾಕಿಬಿಡಿ," ಎಂದು ಮೇಷ್ಟ್ರು ಎಡಗಡೆಯ ಡಬ್ಬವನ್ನು ಮೂರನೆಯ ಸಲ ತಟ್ಟಿದರು.

ಮೆಕ್ಯಾನಿಕ್ ಕೈ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅವರ ಮುಖ ನೋಡಿದ. ಬೆಂಚಿನ ಮೇಲೆ ಎರಡು ಡಬ್ಬಗಳು ಬಾಯಿ ತೆರೆದುಕೊಂಡು ಕೂತಿದ್ದವು. ಎಡಗಡೆಯದರಲ್ಲಿ ಸಾದಾ ಸಸ್ಪೆನ್ಷನ್, ಚಕ್ರಗಳ ಮೇಲೆ ಕಾರಿನ ಭಾರ ಹೊರುವ ಸ್ಪ್ರಿಂಗುಗಳು. ಎಷ್ಟು ಎತ್ತರ, ಎಷ್ಟು ಗಟ್ಟಿ ಎಂದು ಕಂಪನಿಯವರೇ ತೀರ್ಮಾನಿಸಿ ಕಳಿಸಿದ್ದು, ಬೋಲ್ಟ್ ಬಿಗಿದರೆ ಮುಗಿಯಿತು. ಬಲಗಡೆಯದು ಅಡ್ಜಸ್ಟ್ ಮಾಡುವಂಥದ್ದು. ಅದರ ಮೈತುಂಬ ತಿರುಪಿನ ಗೆರೆಗಳು, ಸ್ಪ್ರಿಂಗನ್ನು ಮೇಲೆ ಕೆಳಗೆ ಸರಿಸಲು ಒಂದು ಬಳೆ, ನೆತ್ತಿಯ ಮೇಲೆ ಟಿಕ್ ಟಿಕ್ ಎಂದು ತಿರುಗುವ ಗುಂಡಿ.

"ಒಂದು ವರ್ಷದಿಂದ ಅಡ್ಜಸ್ಟಬಲ್ ಬೇಕು, ಅಡ್ಜಸ್ಟಬಲ್ ಬೇಕು ಅಂತ ನನ್ನ ತಲೆ ತಿಂದೋರು ಯಾರು ಮೇಷ್ಟ್ರೇ? ಈ ಟ್ರ್ಯಾಕಲ್ಲಿ ಕಾರು ಪುಟಿಯುತ್ತೆ, ಆ ಟ್ರ್ಯಾಕಲ್ಲಿ ವಾಲುತ್ತೆ ಅಂತ ಫೋನ್ ಮೇಲೆ ಫೋನ್ ಮಾಡಿದ್ದು ನಾನಾ?"

"ಭಾನುವಾರ ರೇಸು. ಟೈಮ್ ಎಲ್ಲಿದೆ?"

"ಇವತ್ತು ಗುರುವಾರ."

ಮೇಷ್ಟ್ರು ಬಾಗಿಲ ತನಕ ಹೋದರು, ವಾಪಸ್ ಬಂದರು. ಬೆಳಗಿನಿಂದ ಅವರು ಹೀಗೆ ಶತಪಥ ಹಾಕುತ್ತಲೇ ಇದ್ದರು. ಮಕ್ಕಳಿಗೆ ಗಣಿತ ಹೇಳಿಕೊಡುವಾಗ ಮಿಸುಕಾಡದ ಮನುಷ್ಯ ಇಲ್ಲಿ ಒಂದು ಕ್ಷಣ ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದರು. ಕಾರಣ ನೆಲದ ಮೇಲಿತ್ತು. ಅವರ ಪುಟ್ಟ ನೀಲಿ ಕಾರಿನ ನಾಲ್ಕು ಚಕ್ರಗಳ ಕೆಳಗೂ ಒಂದೊಂದು ತಕ್ಕಡಿ. ಅಡ್ಜಸ್ಟ್ ಮಾಡುವ ಸಸ್ಪೆನ್ಷನ್ ಹಾಕಬೇಕಾದರೆ ಓಡಿಸುವವನೇ ಸೀಟಿನಲ್ಲಿ ಕೂರಬೇಕು. ಅವನ ಭಾರ ಯಾವ ಚಕ್ರದ ಮೇಲೆ ಎಷ್ಟು ಬೀಳುತ್ತದೆ ಎಂದು ನೋಡಿಯೇ ಆ ಬಳೆಗಳನ್ನು ತಿರುಗಿಸುವುದು. ಸಾದಾದಕ್ಕೆ ಈ ರಗಳೆಯೇ ಇಲ್ಲ.

ಅವರ ಜೇಬಿನಲ್ಲಿ ಡಾಕ್ಟರು ಬರೆದುಕೊಟ್ಟ ಚೀಟಿಯಿತ್ತು. ಕೂಡಲೇ ಸ್ಕ್ಯಾನ್ ಮಾಡಿಸಿ ಎಂದು ಬರೆದದ್ದು. ಮೂರು ವಾರದಿಂದ ಅದು ಮಡಿಸಿದ ಹಾಗೇ ಇತ್ತು. ಈ ವರ್ಷದ ಕೊನೆಯ ರೇಸು ಮುಗಿಯಲಿ, ಆಮೇಲೆ ಏನಾದರೂ ಆಗಲಿ ಎಂದುಕೊಂಡಿದ್ದರು. ಯಾರಿಗೂ ಹೇಳಿರಲಿಲ್ಲ. ಮುಖ್ಯವಾಗಿ ಅಕ್ಕನಿಗೆ.

ಅಕ್ಕ ಇವತ್ತು ಬರುತ್ತಾಳೆಂದು ಯಾರಿಗೆ ಗೊತ್ತಿತ್ತು? ಎಲ್ಲ ರೇಸಿಗೂ ಸ್ಟಾಪ್‌ವಾಚ್ ಹಿಡಿದು ನಿಲ್ಲುವವಳು ಅವಳೇ. ಕೆಲಸ ಹೊಲಿಗೆ. ಮೈಯ ಅಳತೆಯನ್ನು ಟೇಪಿಲ್ಲದೆ, ಬರೀ ಕಣ್ಣಲ್ಲೇ ಹೇಳುತ್ತಾಳೆ. ಅದಕ್ಕೇ ಮೇಷ್ಟ್ರು ನಾಲ್ಕು ತಿಂಗಳಿಂದ ಅವಳ ಕಣ್ಣು ತಪ್ಪಿಸಿ, ಎದುರಾದಾಗಲೆಲ್ಲ ದೊಗಲೆ ಜಾಕೆಟ್ ತೊಟ್ಟು, ಡಯಟ್ ಮಾಡುತ್ತಿದ್ದೇನೆ ಎಂದು ರೈಲು ಬಿಡುತ್ತ ಬಂದಿದ್ದರು. ಈಗ ನೋಡಿದರೆ ಸೀಟಿಗೆ ಹೊಸ ಕವರ್ ಹೊಲಿದುಕೊಂಡು ನೇರ ವರ್ಕ್‌ಶಾಪಿಗೇ ಬಂದು ನಿಂತಿದ್ದಳು.

"ತೂಕಕ್ಕೆ ಹೆದರ್ತಿದ್ದಾನೆ ಕಣಪ್ಪ ಇವನು," ಎಂದು ಅಕ್ಕ ಮೆಕ್ಯಾನಿಕ್‌ಗೆ ಕಣ್ಣು ಹೊಡೆದಳು. "ಡಯಟ್ ಅಂತೆ! ಜಾಕೆಟ್ ಒಳಗೆ ಹೊಟ್ಟೆ ಮುಚ್ಚಿಟ್ಕೊಂಡಿದ್ದಾನೆ. ತೆಗಿಯೋ ಅದನ್ನ, ಕೂತ್ಕೋ. ನಾವೇನು ಊರಿಗೆಲ್ಲ ಡಂಗುರ ಸಾರಲ್ಲ."

"ಅಕ್ಕ, ಸುಮ್ನಿರು."

"ಹೋದ ವರ್ಷ ಹೆಲ್ಮೆಟ್ ಸೇರಿ ಎಪ್ಪತ್ತೆಂಟಿದ್ರಿ," ಎಂದು ಮೆಕ್ಯಾನಿಕ್ ಗೋಡೆಯ ಮೇಲೆ ತಾನೇ ಬರೆದಿಟ್ಟಿದ್ದನ್ನು ಓದಿದ. "ಈ ಸಲ ಎಂಬತ್ತೈದು ಅಂತ ನಾನು. ಅಕ್ಕ, ನೀವು?"

"ತೊಂಬತ್ತು!"

ಇಬ್ಬರೂ ನಕ್ಕರು. ಇನ್ನೂ ಬೇಡವೆಂದರೆ ಬೇರೆ ಪ್ರಶ್ನೆಗಳು ಏಳುತ್ತವೆ. ಮೇಷ್ಟ್ರು ಜಾಕೆಟ್ ಕಳಚಿ, ಹೆಲ್ಮೆಟ್ ಹಿಡಿದು, ಕಾರಿನ ಬಾಗಿಲಿಗೆ ಅಡ್ಡವಿದ್ದ ಕಬ್ಬಿಣದ ಸರಳು ದಾಟಿ ಸೀಟಿನೊಳಗೆ ಇಳಿದರು. ಬಗ್ಗುವಾಗ ಅಂಗಿ ಹಿಂದಿನಿಂದ ಮೇಲೆ ಸರಿಯಿತು.

ಖಾಲಿ ಕಾರು ಒಂಬೈನೂರ ನಲವತ್ತೆರಡು ಕಿಲೋ ಇತ್ತು. ತಕ್ಕಡಿಗಳಿಗೆ ಜೋಡಿಸಿದ್ದ ಪುಟ್ಟ ಪರದೆಯ ಮೇಲೆ ಅಂಕಿಗಳು ಓಡಿ, ಹಿಂದೆಮುಂದೆ ನೋಡಿ, ಸಾವಿರದ ಒಂಬತ್ತಕ್ಕೆ ನಿಂತವು. ಮೂರನೇ ಕ್ಲಾಸಿನ ಮಗು ಕೂಡ ಮಾಡುವ ಲೆಕ್ಕ. ಆದರೂ ಮೆಕ್ಯಾನಿಕ್ ಎರಡು ಸಲ ಮಾಡಿದ. ತಕ್ಕಡಿಯ ವೈರುಗಳನ್ನು ಕಿತ್ತು ಮತ್ತೆ ಸಿಕ್ಕಿಸಿದ. ಅರವತ್ತೇಳೇ ಬಂತು.

ನಗು ನಿಂತಿತ್ತು. ಅಕ್ಕ ಪರದೆಯನ್ನು ನೋಡುತ್ತಿರಲಿಲ್ಲ.

"ಇಳಿ," ಎಂದಳು.

ಮೇಷ್ಟ್ರು ಇಳಿದರು. ಅವಳು ಅವರನ್ನು ಭುಜ ಹಿಡಿದು ತಿರುಗಿಸಿ ಪ್ಯಾಂಟಿನ ಹಿಂದಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಪ್ಯಾಂಟು ಅವಳೇ ಹೊಲಿದದ್ದು. ಹೊಲಿಗೆ ಅವಳದಲ್ಲ.

"ಯಾರ ಹತ್ರ ಹಿಡಿಸ್ದೆ ಇದನ್ನ?"

"ಸ್ಕೂಲ್ ಹತ್ರ ಒಬ್ಬ ಇದ್ದಾನೆ."

"ಯಾವಾಗ?"

"ಎರಡು ತಿಂಗಳಾಯ್ತು. ಅಕ್ಕ, ಡಾಕ್ಟ್ರು ಸ್ಕ್ಯಾನ್ ಬರೆದಿದ್ದಾರೆ. ರೇಸ್ ಮುಗಿಸಿ ಹೋಗೋಣ ಅಂತ..." ಮೇಷ್ಟ್ರು ಚೀಟಿ ತೆಗೆದು ಕೊಟ್ಟರು. ಬಾಯಿಬಿಟ್ಟು ಹೇಳಿದ ಮೇಲೆ ಅವರಿಗೆ ಭಯ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು.

ಅಕ್ಕ ಚೀಟಿಯನ್ನು ಓದಿದಳು. ಬೈಯುತ್ತಾಳೆಂದು ಮೇಷ್ಟ್ರು ಕಾದರು. ಅವಳು ಸೊಂಟದ ಪಟ್ಟಿಯನ್ನು ಹೊರಕ್ಕೆ ಮಗುಚಿ ಒಳಗಡೆ ನೋಡಿದಳು, ಆಗ ಮಾತ್ರ ಅವಳ ದನಿ ಏರಿತು.

"ಕತ್ತರಿಸಿಬಿಟ್ಟಿದ್ದಾನಲ್ಲೋ! ಒಳಗೆ ಒಂದಂಗುಲ ಬಟ್ಟೆ ಬಿಟ್ಟಿಲ್ಲ! ಮಡಚಿ ಹೊಲೀಬೇಕು ಅಂತ ಗೊತ್ತಿಲ್ವಾ ಅವನಿಗೆ? ನಾಳೆ ನೀನು ಮತ್ತೆ ದಪ್ಪ ಆದ್ರೆ ಏನು ಬಿಚ್ಚೋದು?" ಕಣ್ಣು ಒರೆಸಿಕೊಂಡಳು. "ಅವನೊಬ್ಬ ಟೈಲರಂತೆ!"

ಮೆಕ್ಯಾನಿಕ್ ಬೆಂಚಿನ ಕಡೆ ತಿರುಗಿ ಸಾದಾ ಡಬ್ಬದ ಮುಚ್ಚಳವನ್ನು ಸುಮ್ಮನೆ ತೆಗೆದು ಹಾಕಿ ಮಾಡುತ್ತಿದ್ದ.

"ಅದಲ್ಲ," ಎಂದಳು ಅಕ್ಕ. "ಅಡ್ಜಸ್ಟ್ ಆಗೋದೇ ಹಾಕಿ."

"ಯಾವ ತೂಕಕ್ಕೆ ಅಕ್ಕ?"

"ಇವತ್ತಿನ ತೂಕಕ್ಕೆ. ಆಮೇಲೆ ಬದಲಾಯಿಸ್ಬಹುದು ತಾನೆ?"

"ಎಷ್ಟು ಸಲ ಬೇಕಾದ್ರೂ."

"ಭಾನುವಾರ..." ಎಂದರು ಮೇಷ್ಟ್ರು.

"ನಾಳೆ ಆಸ್ಪತ್ರೆ. ನಾನೂ ಬರ್ತೀನಿ. ಭಾನುವಾರದ್ದು ಡಾಕ್ಟ್ರು ಹೇಳಲಿ."

ನಾಲ್ಕು ಗಂಟೆಯ ಹೊತ್ತಿಗೆ ಹೊಸ ಸಸ್ಪೆನ್ಷನ್ ಕೂತಿತ್ತು, ಕಾರು ಮತ್ತೆ ತಕ್ಕಡಿಗಳ ಮೇಲೆ ನಿಂತಿತ್ತು. ಮೇಷ್ಟ್ರು ಹೊಸ ಕವರಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಸ್ಟಿಯರಿಂಗ್ ಹಿಡಿದು ಕೂತರು. ಭುಜದ ಪಟ್ಟಿಗಳನ್ನು ಅಕ್ಕನೇ ಎಳೆದು ಬಿಗಿದಿದ್ದಳು. ಮಿಸುಕಾಡಿದರೆ ಅಂಕಿ ಕೆಡುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದ. ಬೆಳಗಿನಿಂದ ಒದ್ದಾಡುತ್ತಿದ್ದ ಕಾಲುಗಳನ್ನು ಮೇಷ್ಟ್ರು ಪೆಡಲುಗಳ ಮೇಲೆ ಸುಮ್ಮನೆ ಇಟ್ಟುಕೊಂಡರು.

ಮೆಕ್ಯಾನಿಕ್ ಮುಂದಿನ ಚಕ್ರದ ಬಳಿ ಮಂಡಿಯೂರಿ ಬಳೆಯನ್ನು ಕಾಲು ಸುತ್ತು ತಿರುಗಿಸಿದ, ಪರದೆ ನೋಡಿದ, ಮತ್ತೆ ಕಾಲು ಸುತ್ತು ಬಿಚ್ಚಿದ. ಡ್ರೈವರ್ ಕಡೆ ಎರಡು ಕಿಲೋ ಹೆಚ್ಚು ತೋರಿಸುತ್ತಿತ್ತು. ಏನು ಮಾಡಿದರೂ ಹೋಗಲೊಲ್ಲದು. ಕೊನೆಗೆ ಅವನು ತಲೆ ಎತ್ತಿ ನೋಡಿದ. ಅಕ್ಕನ ಕೈ ಕಿಟಕಿಯ ಅಂಚಿನ ಮೇಲಿತ್ತು.

"ಅಕ್ಕ, ಸ್ವಲ್ಪ ಕೈ ತೆಗೀರಿ. ನಿಮ್ಮ ಭಾರನೂ ಸೇರ್ತಿದೆ."

"ಹ್ಞೂಂ, ತೆಗೀತೀನಿ," ಎಂದಳು ಅಕ್ಕ.

ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದುಕೊಂಡು ಕಾದ. ಪರದೆಯ ಮೇಲೆ ಆ ಎರಡು ಕಿಲೋ ಹಾಗೇ ಇತ್ತು.