ಎರಡೂ ಎಡತೋಳು

"ಎಲ್ಲದಕ್ಕೂ 'ಎಂದೂ ಇಲ್ಲ' ಅಂತ ಗುರುತು ಹಾಕಿದೀರಲ್ಲಮ್ಮಾ?" ವೈದ್ಯೆ ಹಾಳೆಯನ್ನು ತಿರುಗಿಸಿ ತೋರಿಸಿದರು.

"ಹೌದು ಮತ್ತೆ," ತಾಯಿ ಸೆಟೆದು ಕುಳಿತರು. ಮೂವತ್ತೆರಡು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಅಚ್ಚಾದ ಪ್ರಶ್ನೆ ಕಂಡರೆ ಅವರಿಗೆ ಅದು ಪರೀಕ್ಷೆಯೇ. ಬಾಲ್ಯದಲ್ಲಿ ವಸ್ತುಗಳನ್ನು ಕಳೆದುಕೊಳ್ಳುತ್ತಿದ್ದಳೇ? ಎಂದೂ ಇಲ್ಲ. ಹೇಳಿದ್ದನ್ನು ಮರೆಯುತ್ತಿದ್ದಳೇ? ಎಂದೂ ಇಲ್ಲ. ಮಗಳಿಗೆ ಹದಿನೆಂಟಕ್ಕೆ ಹದಿನೆಂಟು ಕೊಟ್ಟು ಕೆಳಗೆ ದುಂಡಗೆ ಸಹಿ ಮಾಡಿದ್ದರು.

ಪಕ್ಕದಲ್ಲಿದ್ದ ಮಗಳು ಹಾಳೆಯತ್ತ ಬಗ್ಗಿ ನೋಡಿದಳು. ಮೂವತ್ತೊಂಬತ್ತು ವರ್ಷದ ಅವಳು ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಕೈ ಚುರುಕು, ಗಮನ ಮಾತ್ರ ನಿಂತಲ್ಲಿ ನಿಲ್ಲದು. ಹೋದ ತಿಂಗಳು ಮೂರನೆಯ ಸಲ ಒಂದೇ ಅಂಗಿಗೆ ಎರಡೂ ಎಡತೋಳು ಕತ್ತರಿಸಿಟ್ಟಿದ್ದಳು. "ಎರಡೂ ಎಡಗೈ ಇರೋ ಗಿರಾಕೀನ ಎಲ್ಲಿಂದ ತರ್ಲಿ?" ಎಂದು ಮಾಲೀಕ ನಕ್ಕಿದ್ದ. ಆಮೇಲೆ ನಗು ನಿಲ್ಲಿಸಿ, "ಡಾಕ್ಟರ ಹತ್ರ ಹೋಗ್ತೀನಿ ಅಂತಿದ್ಯಲ್ಲ, ಇದು ಕಾಯಿಲೆ ಅಂತ ಕಾಗದ ತಂದ್ಕೊಡು. ಇಲ್ದಿದ್ರೆ ಕತ್ತರಿ ಬೇರೆಯವರ ಕೈಗೆ," ಎಂದಿದ್ದ. ಈ ಭೇಟಿಗಾಗಿ ಅವಳು ಏಳು ತಿಂಗಳು ಕಾದಿದ್ದಳು.

"ಗಮನ ನಿಲ್ಲದ ಈ ತೊಂದರೆ ಕಾಯಿಲೆ ಅನ್ನಿಸ್ಕೋಬೇಕಾದ್ರೆ ಚಿಕ್ಕಂದಿನಿಂದ್ಲೇ ಇರ್ಬೇಕು. ಆಗ ಕಂಡವರೇ ಇಲ್ಲ ಅಂದ್ರೆ ನಾನು ಹೇಗೆ ಬರೆದ್ಕೊಡ್ಲಿ? ಶಾಲೆಯ ಹಳೇ ಕಾಗದ ಏನಾದ್ರೂ ಇದ್ಯಾ?" ವೈದ್ಯೆ ಕೇಳಿದರು.

"ಕಳೆದುಬಿಟ್ಟೆ," ಎಂದಳು ಮಗಳು.

"ಇವಳು ಕಳೀಲಿಲ್ಲ," ತಾಯಿ ಥಟ್ಟನೆ ಅಡ್ಡಬಂದರು. "ಮನೆ ಬದಲಾಯಿಸುವಾಗ ಹೋಯ್ತು."

"ಅಮ್ಮಾ, ನಿಜ ಹೇಳು. ನಾನು ಬಿಟ್ಟುಬಂದ ಪುಸ್ತಕ ದಿನಾ ನೀನೇ ತಂದು ಕೊಡ್ತಿರ್ಲಿಲ್ವಾ?"

"ಅದು ಯಾವ ತಾಯಿ ಮಾಡಲ್ಲ? ನನ್ನ ಮಗಳು ದಡ್ಡಿ ಅಲ್ಲ ಡಾಕ್ಟ್ರೇ."

ವೈದ್ಯೆ ಅದನ್ನೂ ಬರೆದುಕೊಂಡರು. ಆದರೆ ಹಾಳೆ ಒಂದು ಹೇಳಿ ಬಾಯಿ ಇನ್ನೊಂದು ಹೇಳಿದರೆ ಮತ್ತೊಮ್ಮೆ ಕೂತು ಮಾತಾಡಲೇಬೇಕು, ಅದಕ್ಕೆ ನಾಲ್ಕು ತಿಂಗಳಾದರೂ ಆಗುತ್ತದೆ ಎಂದರು. ಮುಂದಿನ ದಿನಾಂಕದ ಚೀಟಿಯನ್ನು ಹೊರಗಿನ ಕೌಂಟರಿನಲ್ಲಿ ಪಡೆಯಬೇಕಿತ್ತು. ಬಾಗಿಲು ದಾಟುತ್ತಲೇ ತಾಯಿ ಮಗಳ ಕರವಸ್ತ್ರ ಎಳೆದುಕೊಂಡು ಅದರ ಒಂದು ಮೂಲೆಗೆ ಗಂಟು ಹಾಕಿ ಕೈಗಿತ್ತರು. ನೆನಪಿಗೆಂದು ಒಂದನೇ ತರಗತಿಯಿಂದ ಹಾಕುತ್ತಾ ಬಂದ ಗಂಟು. "ಚೀಟಿ. ಮರೀಬೇಡ."

"ನನ್ನ ಕೆಲಸ ಹೋಯ್ತಮ್ಮ."

ತಾಯಿ ನಿಂತುಬಿಟ್ಟರು. "ಅಂದ್ರೆ... ನಾನು ತಪ್ಪು ಅಂತ ಹಾಕಿದ್ರೆ ನೀನು ಪಾಸಾಗ್ತಿದ್ಯಾ?"

ಮಗಳಿಗೆ ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು. ಬಂದದ್ದು ಬರೀ ಸುಸ್ತು, ಇಷ್ಟು ವರ್ಷಗಳ ಸುಸ್ತು. ಇಬ್ಬರೂ ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದು ಸೀದಾ ಬಸ್ಸು ಹತ್ತಿದರು.

ಆರೇಳು ನಿಲ್ದಾಣ ಕಳೆದ ಮೇಲೆ ಅವಳಿಗೆ ಅಳು ಬಂತು. ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳಲು ಹೋದಾಗ ಗಂಟು ರೆಪ್ಪೆಗೆ ಒತ್ತಿತು.

"ಇದು ಯಾತಕ್ಕಮ್ಮಾ ಕಟ್ಟಿದ್ದು?"

ತಾಯಿ ಗಂಟು ನೋಡಿದರು, ಹಿಂದೆ ಸರಿಯುತ್ತಿದ್ದ ರಸ್ತೆ ನೋಡಿದರು.

"ಏನಿಲ್ಲ ಬಿಡು," ಎಂದು ಕರವಸ್ತ್ರವನ್ನು ಮಡಿಲಿಗೆ ಎಳೆದುಕೊಂಡು ಉಗುರಿನಿಂದ ಗಂಟು ಬಿಚ್ಚತೊಡಗಿದರು.